ಸಪ್ಪೆ ಕಾಫಿ

ಬಾಳೆಹೊನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಬಸವಮ್ಮನಿಗೆ ಅನುಮಾನ ಹುಟ್ಟುಗುಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಅವಳ ಬಾಯಿಪಾಠ. ರಾಗಿ ಬೀಸಿಸಲು ಬಂದವರು ಪಕ್ಕದ ಚೀಲದ ಕಡೆ ನೋಡಿದರೂ ಸಾಕು, ಅವಳ ಕಣ್ಣು ಅವರ ಬೆನ್ನು ಬಿಡುತ್ತಿರಲಿಲ್ಲ.

ಅಂಥವಳ ಊರಿಗೆ, ಸಕ್ಕರೆ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಹುಡುಕುವ ಸಂಶೋಧಕರು ಬಂದರು. ಬಸವಮ್ಮನಿಗೆ ಆ ಕಾಯಿಲೆ ಹಳೆಯದು. ಅವರ ಪೈಕಿ ಪ್ರಸನ್ನಕುಮಾರ್ ಎಂಬವನು ಗಿರಣಿಗೇ ಬಂದು, ಅವಳದೂ ಮಗಳು ರಶ್ಮಿಯದೂ ರಕ್ತ ಬೇಕು, ತಾಯಿಯಿಂದ ಮಗಳಿಗೆ ಏನೇನು ದಾಟಿದೆ ಎಂದು ಜೀನ್ ನೋಡಿದರೆ ತಿಳಿಯುತ್ತದೆ ಎಂದ. ಬಸವಮ್ಮ ಆಮೇಲೆ ನೋಡೋಣ ಎಂದು ಅವನನ್ನು ಸಾಗಹಾಕಿದಳು.

ರಶ್ಮಿ ಅವಳು ಹೆತ್ತ ಮಗಳಲ್ಲ. ಕಡೂರಿನಲ್ಲಿದ್ದಾಗ ಹೆರಿಗೆಯಲ್ಲಿ ತೀರಿಕೊಂಡ ನೆರೆಮನೆಯವಳ ಮಗು. ಗಂಡ ಕರಿಬಸವಯ್ಯನೂ ಅವಳೂ ಮಗುವನ್ನು ಮಡಿಲಿಗೆ ಹಾಕಿಕೊಂಡು, ಗುರುತಿನವರಿಲ್ಲದ ಈ ಊರಿಗೆ ಬಂದಿದ್ದರು. ಗಂಡ ಹೋದ ಮೇಲೆ ಗುಟ್ಟು ತನ್ನೊಬ್ಬಳದೇ ಎಂದುಕೊಂಡಿದ್ದಳು. ಅದು ಗಟ್ಟಿಯಾಗಲೆಂದೇ, ತನಗೆ ಕಾಯಿಲೆ ಬಂದಾಗಿನಿಂದ ಮಗಳಿಗೂ ಸಕ್ಕರೆ ನಿಲ್ಲಿಸಿದ್ದಳು. ನನ್ನ ರಕ್ತ ಅಲ್ವಾ, ಇವಳಿಗೂ ಬರುತ್ತೆ ಎಂದು ಬಂದವರೆದುರು ಹೇಳಿ ಸಪ್ಪೆ ಕಾಫಿ ಕೊಡುವಳು. ಹಬ್ಬದ ದಿನವೂ ಅರ್ಧ ಹೋಳಿಗೆಯೇ. ಪಾಪದ ಹುಡುಗಿ, ಒಮ್ಮೆಯೂ ಎದುರಾಡಿದವಳಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪ್ರಸನ್ನಕುಮಾರ್ ಚಹಾ ಕುಡಿಯಲು ಬೀದಿಗಿಳಿದರೂ ತನ್ನ ಹಳೆಯ ಸಂಗತಿ ಕೆದಕಲು ಬಂದ ಎಂದೇ ಬಸವಮ್ಮನ ಲೆಕ್ಕ. ಈ ಸಂಶೋಧಕರು ಜನರ ರಕ್ತ ಮಾರುವವರು ಎಂದು ಗಿರಾಕಿಗಳಿಗೆಲ್ಲ ಹೇಳಿದಳು. ರಶ್ಮಿ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ, ಆಗಲೇ ಅವನಿಗೆ ಒಪ್ಪಿಗೆ ಕೊಟ್ಟಳೇನೋ ಎಂದು ಬಾಗಿಲಿಗೆ ಕಿವಿಯಿಡುತ್ತಿದ್ದಳು.

ಸೋಮವಾರ ಅವನು ಸೂಜಿಯ ಪೆಟ್ಟಿಗೆ ಹಿಡಿದು ಮತ್ತೆ ಬಂದ. ಬಸವಮ್ಮ ಮೆಷಿನ್ ಹಾಕಿ, ಏನೂ ಕೇಳಿಸದವಳ ಹಾಗೆ ನಿಂತಳು. ರಶ್ಮಿಯೇ ಎದುರು ಹೋಗಿ, ನಾವಿಬ್ಬರೂ ಕೊಡುವುದಿಲ್ಲ ಎಂದು ಅವನನ್ನು ಕಳಿಸಿ ಬಂದು ಮೆಷಿನ್ ಆರಿಸಿದಳು.

"ಅಮ್ಮ, ನೀ ಹೆದರ್ಬೇಡ. ನನ್ನ ರಕ್ತ ನಿಂದಲ್ಲ ಅಂತ ನಂಗೆ ಗೊತ್ತು. ಅಪ್ಪ ಹೋಗೋ ಮುಂಚೆ ಹೇಳಿದ್ರು."

ಬಸವಮ್ಮ ರಾಗಿ ಚೀಲದ ಮೇಲೆ ಕೂತಳು. ಹಾಗಾದರೆ ಇಷ್ಟು ವರ್ಷ ಸಪ್ಪೆ ಕಾಫಿ ಯಾಕೆ ಕುಡಿದೆ ಎಂದು ಕೇಳಿದಳು.

"ಕೊಡೋವಾಗೆಲ್ಲ ನೀನು, ಇವಳು ನನ್ನ ರಕ್ತ ಅಂತ ಹೇಳ್ತಿದ್ದೆ ಅಲ್ವಾ. ಅದು ಕೇಳಕ್ಕೆ."

ಬಸವಮ್ಮ ಅಳುತ್ತಲೇ ಒಳಗೆ ಹೋಗಿ, ಸಕ್ಕರೆ ಸುರಿದು ಕಾಫಿ ಮಾಡಿ ತಂದಳು. ರಶ್ಮಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಲೋಟ ಕೆಳಗಿಟ್ಟು, ಇದು ಸೇರಲ್ಲಮ್ಮ, ದಿನಾ ಕೊಡೋದೇ ಕೊಡು ಎಂದಳು.