ಕೀಲಿ ಹಿಡಿದು ಕೂತವರು

ಬೀದರಿನ ಆ ಬೆಳಗುಗಳು ಈಗ ಕೆಂಪು ಧೂಳಿನ ಮಸುಕಿನಲ್ಲೇ ನೆನಪಾಗುತ್ತವೆ. ಆ ಮಸುಕಿನಲ್ಲಿ ನಮ್ಮ ಗುರುಗಳು, ಮಕ್ಕಳ ಮನೋವೈದ್ಯರು, ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಅವರ ಕೈಕೆಳಗೆ ಕಲಿಯುತ್ತಿದ್ದ ನಾವು ಮಗುವಿಗೆ ಪ್ರಶ್ನೆ ಹಾಕಲು ಬಾಯಿ ತೆರೆದರೆ ಸಾಕು, "ಸಾವಕಾಶ್ರಿ, ಕೂಸು ಎಲ್ಲಿ ಓಡಿ ಹೋಗ್ತದ?" ಎನ್ನುತ್ತಿದ್ದರು.

ಮಳೆ ಕೈಕೊಟ್ಟು ಊರೂರೇ ಕಬ್ಬು ಕಡಿಯಲು ಹೊರಟ ವರ್ಷವದು. ಚಿಂತಾಕಿ ಹಳ್ಳಿಯ ಮುದುಕಿಯೊಬ್ಬಳು ಮೊಮ್ಮಗಳನ್ನು ಕರೆತಂದಳು. ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಅವ್ವ ದುಡಿಯಲು ಹೋದಾಗಿನಿಂದ ಅವಳಿಗೆ ಮಾತಿಲ್ಲ, ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ಬೆರಳು ಬಿಡಿಸಿ ನೋಡಲು ನಾನು ಕೈ ಚಾಚಿದೆ.

"ಸಾವಕಾಶ್ರಿ," ಎಂದ ಗುರುಗಳು ಅಜ್ಜಿಯತ್ತ ತಿರುಗಿದರು. "ಇಕಿ ಅಪ್ಪ ಅವ್ವನ ಮನಿ ಕೀಲಿ ಯಾರ ಹತ್ರ ಅದರಿ?"

"ಅಕಿ ಕೈಯಾಗೇ ಅದರಿ ಸಾಹೇಬ್ರ. ನಾವು ಬರೋತನಕ ನೀನೇ ಇಟ್ಕೊ ಅಂತ ಅವರವ್ವ ಕೊಟ್ಟು ಹೋಗ್ಯಾಳ."

ಗುರುಗಳು ಜೇಬಿನಿಂದ ತಮ್ಮ ಮನೆಯ ಕೀಲಿ ತೆಗೆದು, ಹುಡುಗಿಗೆ ಕಾಣುವಂತೆ ಮುಷ್ಟಿಯಲ್ಲಿ ಹಿಡಿದು, ಅವಳ ಪಕ್ಕ ಗೋಡೆಗೆ ಒರಗಿದರು. ಕಿಟಕಿಯ ಬಿಸಿಲು ನೆಲದ ಮೇಲೆ ಜರುಗುತ್ತಾ ಬಂತು. ಹೊರಗೆ ಕಾದ ಮಂದಿ ಗೊಣಗಿದರು. ಇವರಿಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.

ಬಿಸಿಲು ಪಾದ ಮುಟ್ಟುವ ಹೊತ್ತಿಗೆ ಹುಡುಗಿ ಅವರ ಮುಷ್ಟಿಯ ಕಡೆ ನೋಡಿ ಮೆಲ್ಲಗೆ ಕೇಳಿದಳು:

"ನಿಮ್ಮ ಮಂದಿ ಯಾವಾಗ ಬರ್ತಾರ್ರಿ?"