ಮೀನಿನ ಕಲ್ಲಿಗಾಗಿ ಕೊಂಡ ಮೋಟಾರ್ ಸೈಕಲ್

ಈಗಿನವರಿಗೆ ಹಳೇ ಬೈಕಿನ ಹುಚ್ಚು. ಯಾರದೋ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದದ್ದನ್ನು ಎತ್ತಿಕೊಂಡು ಬರುತ್ತಾರೆ, ಆಮೇಲೆ ನನ್ನ ಅಂಗಳದಲ್ಲಿ ನಿಂತು "ಎಲ್ಲಿಂದ ಶುರು ಮಾಡುದು?" ಎಂದು ಕೇಳುತ್ತಾರೆ. ನಾನು ಬೈಕಿನ ಕಡೆ ನೋಡುವುದೇ ಇಲ್ಲ. "ಇದರಲ್ಲಿ ನಿನಗೆ ಎಲ್ಲಿಗೆ ಹೋಗ್ಲಿಕ್ಕುಂಟು?" ಎಂದು ಕೇಳುತ್ತೇನೆ. ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಎಲ್ಲಿಗೂ ಹೋಗಲಿಕ್ಕಿಲ್ಲದವನ ಬೈಕು ಯಾಕೆ ಓಡಬೇಕು?

ನನಗೆ ಕಡಬಕ್ಕೆ ಹೋಗಲಿಕ್ಕಿತ್ತು. ಹೋಗದಿದ್ದರೆ ಅನ್ನ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪುತ್ತೂರಿನಿಂದ ಕಡಬಕ್ಕೆ ಹೋಗುವ ದಾರಿಯ ಕುಂಬ್ರದಲ್ಲಿ ಮನೆ, ಬ್ಯಾರಿ ಮುಸಲ್ಮಾನರ ಮನೆತನ, ಮೀನಿನ ವ್ಯಾಪಾರ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ, ಉಳಿದದ್ದನ್ನು ಗಿರಾಕಿಗಳೇ ಕಲಿಸಿದರು. ಮಂಗಳೂರಿನಿಂದ ಬೆಳಗಾಗುವ ಮೊದಲೇ ಪುತ್ತೂರಿಗೆ ಬರುವ ಲಾರಿಯಿಂದ ಮೀನು ಎತ್ತುತ್ತಿದ್ದೆ. ವಾರದ ಆರು ದಿನ ಸೈಕಲಿನಲ್ಲಿ ಈಶ್ವರಮಂಗಲದವರೆಗೆ ಸುತ್ತಿದರೂ ಮನೆ ನಡೆಯುತ್ತಿದ್ದದ್ದು ಏಳನೆಯ ದಿನದಿಂದ, ಕಡಬದ ಸಂತೆಯಿಂದ. ಅಲ್ಲಿ ಹಸಿ ಮೀನು ಮಾರುವವರಿಗೆಂದೇ ಐದು ಚಪ್ಪಡಿ ಕಲ್ಲುಗಳಿದ್ದವು. ದಾರಿಯ ಬದಿಯ ಮೊದಲನೆಯ ಕಲ್ಲು ನನ್ನದು. ಅದು ಕೈಗೆ ಬರಲು ನಾಲ್ಕು ವರ್ಷ ಹಿಂದಿನ ಕಲ್ಲಿನಲ್ಲಿ ನೊಣ ಓಡಿಸುತ್ತ ಕೂತಿದ್ದೆ. ಸಂತೆಯ ಗುತ್ತಿಗೆದಾರನ ಕಟ್ಟಳೆ ಒಂದೇ: ಸಾಲಾಗಿ ಮೂರು ಸಂತೆ ಕಲ್ಲಿನ ಮೇಲೆ ಹಸಿ ಮೀನು ಬೀಳದಿದ್ದರೆ ಕಲ್ಲು ಬೇರೆಯವನಿಗೆ. ಜ್ವರ, ಮದುವೆ, ಮರಣ, ಯಾವುದಕ್ಕೂ ವಿನಾಯಿತಿ ಇಲ್ಲ. ಬರೇ ಬಂದು ಕೂತರೆ ಲೆಕ್ಕಕ್ಕಿಲ್ಲ.

ಒಂದು ಸಂತೆಯ ಬೆಳಿಗ್ಗೆ ಪುತ್ತೂರಿನಲ್ಲಿ ಬಸ್ಸಿನ ಏಜೆಂಟ್ ನನ್ನ ಬುಟ್ಟಿಗೆ ಕಾಲು ಅಡ್ಡ ಇಟ್ಟ.

"ಇನ್ನು ಬಸ್ಸಿನ ಮೇಲೆ ಮೀನು ಇಲ್ಲ ಬ್ಯಾರಿಗಳೇ. ಜನ ವಾಸನೆ ಹೇಳ್ತಾರೆ."

"ಇಷ್ಟು ವರ್ಷ ಇಲ್ಲದ ವಾಸನೆ ಇವತ್ತು ಎಲ್ಲಿಂದ ಬಂತು ಮಾರಾಯ್ರೆ?"

"ಅದೆಲ್ಲ ನಂಗೆ ಗೊತ್ತಿಲ್ಲ. ನಡ್ಕೊಂಡು ಹೋಗುದಾದ್ರೆ ಹೋಗಿ. ಸಂತೆ ಮುಗಿಯುವಾಗ ಮುಟ್ಟುವಿರಿ."

ವಾಸನೆ ಎಲ್ಲಿಂದ ಬಂತೆಂದು ಸಂಜೆಯೊಳಗೆ ತಿಳಿಯಿತು. ಅದೇ ಬಸ್ಸಿನ ಮೇಲೆ ಅವನ ಭಾವನ ಎರಡು ಬುಟ್ಟಿ ಬಂಗುಡೆ ಕಡಬಕ್ಕೆ ಹೋಗಿತ್ತು. ಭಾವನಿಗೆ ಕಲ್ಲು ಇರಲಿಲ್ಲ, ನೆಲಕ್ಕೆ ಗೋಣಿ ಹಾಸಿ ಮಾರಿದನಂತೆ. ಅವರಿಗೆ ಬೇಕಾದದ್ದು ನನ್ನ ಕಲ್ಲು. ಸೈಕಲಿನಲ್ಲಿ ಅಷ್ಟು ದೂರದ ಏರು ಹತ್ತುವಷ್ಟರಲ್ಲಿ ಮೀನಿನ ಕಣ್ಣು ಕೆಂಪಾಗುತ್ತದೆ, ಕೆಂಪು ಕಣ್ಣಿನ ಮೀನನ್ನು ಕಡಬದ ಹೆಂಗಸರು ಮುಟ್ಟುವುದಿಲ್ಲ. ಒಂದು ಸಂತೆ ಹೋಯಿತು. ಉಳಿದದ್ದು ಎರಡು.

ಕಡಬದ ದಾರಿಯಿಂದ ಸ್ವಲ್ಪ ಒಳಗೆ, ಸುಳ್ಯದ ಕಡೆಯ ಒಂದು ಊರಿನಲ್ಲಿ ಯುದ್ಧದಿಂದ ಬಂದ ಹವಾಲ್ದಾರರೊಬ್ಬರಿದ್ದರು. ಅರೆಭಾಷೆ ಮನೆಮಾತಿನವರು, ಮಾತು ಕಡಿಮೆ. ಅವರ ಬೈಹುಲ್ಲಿನ ಮಾಡಿನ ಅಡಿಯಲ್ಲಿ ಒಂದು ಮಿಲಿಟರಿ ಮೋಟಾರ್ ಸೈಕಲ್ ನಿಂತದ್ದನ್ನು ಹಿಂದೆ ಮೀನು ಮಾರಲು ಹೋದಾಗ ಕಂಡಿದ್ದೆ. ಮರುದಿನವೇ ಹೋದೆ.

ಕೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ. ಬೇಕಾದ ವಸ್ತುವಿನ ಕಡೆ ನೋಡಬಾರದು. ನಾನು ಅರ್ಧ ಗಂಟೆ ಅವರ ಕೋಳಿಗಳನ್ನು ಹೊಗಳಿದೆ.

"ಇಷ್ಟು ಕೋಳಿ ಮೊಟ್ಟೆ ಇಡುದು ಎಲ್ಲಿ?"

"ಆ ಮೋಟಾರ್ ಸೈಕಲಿನ ಅಡಿಯಲ್ಲಿ."

"ಓ, ಅದು ಇನ್ನೂ ಉಂಟಾ?"

ಹವಾಲ್ದಾರರು ಎಲೆ ಅಡಿಕೆ ಉಗುಳಿ ಬಂದು ಕೂತರು. "ನೀನು ಬಂದದ್ದೇ ಅದಕ್ಕೆ. ಕೋಳಿಯ ಬಾಲಕ್ಕೆ ಯಾಕೆ ಬೆಣ್ಣೆ ಹಚ್ಚುದು? ಅದು ಓಡುದಿಲ್ಲ. ಎಂಟು ವರ್ಷ ಆಯ್ತು ಸದ್ದು ಮಾಡದೆ."

ಓಡದ ವಸ್ತುವಿಗೆ ಓಡುವ ಬೆಲೆ ಕೇಳಬಾರದಲ್ಲ ಎಂದೆ. ನನ್ನ ಸೈಕಲನ್ನು ಅಲ್ಲೇ ಬಿಡುತ್ತೇನೆ, ಅದರ ಮೇಲೆ ಮಳೆಗಾಲ ಹಿಡಿಯುವವರೆಗೆ ಪ್ರತಿ ಸಂತೆಯ ದಿನ ಹಿಂದೆ ಬರುವಾಗ ಮನೆಗೆ ಬೇಕಾದಷ್ಟು ಮೀನು.

"ಗಾಡಿ ಓಡದಿದ್ದರೆ?"

"ಓಡದಿದ್ದರೆ ನಾನು ಬರುದು ಹೇಗೆ? ಮೀನು ಬರುದು ಹೇಗೆ?"

ಅವರು ಯೋಚಿಸುತ್ತಿರುವಾಗ ಒಳಗಿನಿಂದ ಅವರ ಹೆಂಡತಿಯ ಸ್ವರ ಕೇಳಿತು: "ಬಂಗುಡೆಯಾ, ಬೂತಾಯಿಯಾ?"

ವ್ಯಾಪಾರ ಕುದುರಿತೆಂದು ಆಗಲೇ ಗೊತ್ತಾಯಿತು. ಹಳೇ ಯಂತ್ರ ಕೊಳ್ಳುವವರಿಗೆ ನನ್ನ ದೊಡ್ಡ ಬುದ್ಧಿವಾದ ಇದೇ: ಮಾರಿದವನ ಹೊಟ್ಟೆಯನ್ನು ಯಂತ್ರಕ್ಕೆ ಕಟ್ಟಿ ಹಾಕಿ. ಇಲ್ಲದಿದ್ದರೆ ನಾಳೆ ಅವನು ನಿಮ್ಮ ಮುಖದ ಗುರುತು ಹಿಡಿಯುವುದಿಲ್ಲ.

ಪುತ್ತೂರಿಗೆ ಖಾಲಿ ಹೋಗುತ್ತಿದ್ದ ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿ ಅದನ್ನು ಎಳೆಸಿಕೊಂಡು ಬಂದೆ. ಕುಂಬ್ರದ ಕೂಡುರಸ್ತೆಯ ಚಹಾ ಅಂಗಡಿಯವರೆಲ್ಲ ಎದ್ದು ನಿಂತರು.

"ಬ್ಯಾರಿಗಳೇ, ಇದು ಹುಲ್ಲು ಎಷ್ಟು ತಿಂತದೆ?"

"ನಿಮ್ಮಷ್ಟು ತಿನ್ನುದಿಲ್ಲ," ಎಂದೆ.

ಮನೆಯಲ್ಲಿ ನನ್ನ ಹೆತ್ತ ಉಮ್ಮ ಅದಕ್ಕೆ ಒಂದು ಸುತ್ತು ಬಂದರು. "ಓಡುವ ಸೈಕಲ್ ಕೊಟ್ಟು ಓಡದ ಕಬ್ಬಿಣ ತಂದೆಯಾ? ನಿನ್ನ ಬಾಪ ಕತ್ತೆಯನ್ನಾದರೂ ನಡೆಸಿ ನೋಡಿ ತರುತ್ತಿದ್ದರು."

ಮೊದಲ ದಿನ ನಾನು ಏನನ್ನೂ ಬಿಚ್ಚಲಿಲ್ಲ. ಹೊಸಬರ ಕೈ ತುರಿಸುತ್ತದೆ, ಎಲ್ಲ ಬಿಚ್ಚಿ ಹರಡಿ ಆಮೇಲೆ ಅಳುತ್ತಾರೆ. ನಾನು ಎದುರು ಕೂತು ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬರೇ ನೋಡಿದೆ. ಎರಡನೆಯ ದಿನದಿಂದ ಒಂದು ಬಿಚ್ಚುವುದು, ತೊಳೆಯುವುದು, ಅದನ್ನು ಹಾಕಿದ ಮೇಲೆ ಇನ್ನೊಂದು. ಹೊಗೆ ಕೊಳವೆಯಿಂದ ಇಲಿಯ ಗೂಡು ಬಂತು, ಒಂದು ಬುಟ್ಟಿಯಷ್ಟು. ಟ್ಯಾಂಕಿಗೆ ಸೀಮೆಎಣ್ಣೆ, ಹಿಡಿ ಜಲ್ಲಿ ಹಾಕಿ ತೋಳು ಸೋಲುವವರೆಗೆ ಕುಲುಕಿದೆ, ತುಕ್ಕು ಚಹಾದ ಹಾಗೆ ಹೊರಗೆ ಬಂತು. ಪ್ಲಗ್ಗನ್ನು ಉಮ್ಮನ ಒಲೆಯ ಕೆಂಡದಲ್ಲಿಟ್ಟು ಸುಟ್ಟೆ. ಕಾರ್ಬುರೇಟರಿನ ಸಣ್ಣ ತೂತಕ್ಕೆ ತಂತಿ ತುರುಕಬಾರದು, ತೂತ ದೊಡ್ಡದಾಗುತ್ತದೆ. ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಸಾಕು.

ಉಳಿದದ್ದು ಎಂಜಿನಿನ ಎಣ್ಣೆ. ಪೆಟ್ರೋಲ್ ಸಿಗುವಲ್ಲಿ ಆ ತಿಂಗಳು ಎಣ್ಣೆ ಖಾಲಿ. ಇದ್ದದ್ದು ಬಸ್ಸಿನವರ ಶೆಡ್ಡಿನಲ್ಲಿ. ಅವರ ಬಾಗಿಲಿಗೆ ಹೋಗಿ ಡಬ್ಬ ಹಿಡಿಯುವುದಕ್ಕಿಂತ ಬೈಕನ್ನು ತಲೆಯ ಮೇಲೆ ಹೊತ್ತುಕೊಂಡು ಹೋದೇನು ಎಂದು ನಿಶ್ಚಯಿಸಿದೆ. ನಮ್ಮ ಊರಿನಲ್ಲಿ ಎಣ್ಣೆ ಎಂದರೆ ಒಂದೇ ಎಣ್ಣೆ. ತಲೆಗೆ ಅದೇ, ಬಾಣಲೆಗೆ ಅದೇ, ಬೀಗಕ್ಕೆ, ಹೊಲಿಗೆ ಮಿಷನಿಗೆ, ಬಾವಿಯ ರಾಟೆಗೆ ಅದೇ. ಗಾಣದಿಂದ ತಂದ ಶುದ್ಧ ತೆಂಗಿನೆಣ್ಣೆಯನ್ನು ಸೀಟಿನ ಅಡಿಯ ಎಣ್ಣೆ ಟ್ಯಾಂಕಿಗೆ ತುಂಬಿಸಿದೆ.

ಸಂತೆಯ ಮುಂಚಿನ ದಿನ ಮಧ್ಯಾಹ್ನ, ನೂರಾರು ಒದೆತದ ನಂತರ ಅದು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಕೂಗಿತು. ಉಮ್ಮ ಕಿವಿ ಮುಚ್ಚಿಕೊಂಡು ನಕ್ಕರು. ಹಿಂದಿನ ಸೀಟಿನ ಎರಡು ಬದಿಗೆ ಬುಟ್ಟಿಗಳಿಗಾಗಿ ಮರದ ಚೌಕಟ್ಟು ಕಟ್ಟಿದೆ. ಬೀಳುತ್ತ ಏಳುತ್ತ ಸಂಜೆಯೊಳಗೆ ಓಡಿಸಲು ಕಲಿತು, ಪುತ್ತೂರಿನಲ್ಲಿ ಮೀನಿನ ಲಾರಿ ನಿಲ್ಲುವಲ್ಲಿಗೆ ತಂದು ನಿಲ್ಲಿಸಿದೆ. ದಾರಿಯುದ್ದಕ್ಕೂ ಹಪ್ಪಳ ಕರಿಯುವ ಪರಿಮಳ.

ಡಿಸೆಂಬರಿನ ಬೆಳಗು, ಮಂಜು. ಬುಟ್ಟಿ ಏರಿಸಿ ಒದ್ದರೆ ಕಿಕ್ಕರ್ ಇಳಿಯಲೇ ಇಲ್ಲ. ಚಳಿಗೆ ನನ್ನ ಮೊಣಕಾಲೂ ಹಿಡಿಯುತ್ತದೆ, ಇದಕ್ಕೂ ಹಾಗೇ ಇರಬೇಕೆಂದು ಇಳಿಜಾರಿನಲ್ಲಿ ತಳ್ಳಿಸಿದೆ. ಕೂಗಿತು. ಎರಡು ಮೈಲು ಹೋಗಿದ್ದೇನೋ ಇಲ್ಲವೋ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಕಿರುಚು ಕೇಳಿತು, ಹಿಂದಿನ ಚಕ್ರ ಹಿಡಿದು ನಿಂತಿತು. ನಾನು ಒಂದು ಕಡೆ, ಬೂತಾಯಿ ಒಂದು ಕಡೆ. ಕೆಂಪು ಧೂಳಿನಲ್ಲಿ ಮೀನು ಹೆಕ್ಕುತ್ತಿರುವಾಗ ಬಸ್ಸು ಬಂತು. ಏಜೆಂಟ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ.

"ಎಂತ ಬ್ಯಾರಿಗಳೇ, ಮೀನು ಬಿತ್ತುದಾ? ಮೊಳಕೆ ಬಂದರೆ ಹೇಳಿ!"

ಬಸ್ಸಿನ ಒಳಗೆ ಎಲ್ಲರೂ ನಕ್ಕರು. ಎರಡನೆಯ ಸಂತೆಯೂ ಹೋಯಿತು. ಬೈಕನ್ನು ಕುಂಬ್ರದವರೆಗೆ ತಳ್ಳಿದೆ.

ಮರುದಿನ ಬೆಳಿಗ್ಗೆ ನನ್ನದೇ ಹಳೇ ಸೈಕಲಿನಲ್ಲಿ ಹವಾಲ್ದಾರರು ಬಂದಿಳಿದರು. "ಮನೆಯಲ್ಲಿ ಮಸಾಲೆ ಅರೆದಿಟ್ಟು ಕಾದರು. ಮೀನು ಎಲ್ಲಿ?" ನಾನು ಬೈಕು ತೋರಿಸಿದೆ. ಅವರು ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಬೆರಳು ಹಾಕಿದರು. ಬೆರಳಿಗೆ ಬೆಳ್ಳಗೆ ಗಟ್ಟಿಯಾಗಿ ಅಂಟಿಕೊಂಡಿತು.

"ಇದೆಂತ, ತುಪ್ಪವಾ?"

"ತೆಂಗಿನೆಣ್ಣೆ."

ಮಾತು ಕಡಿಮೆಯ ಆ ಮನುಷ್ಯ ಜಗಲಿಯಲ್ಲಿ ಕೂತು ನಕ್ಕದ್ದು ಈಗಲೂ ಕಿವಿಯಲ್ಲುಂಟು. "ಎಂಜಿನಿಗೆ ತಲೆ ಬಾಚುದಾ ಮಾರಾಯ? ಚಳಿಗೆ ಎಣ್ಣೆ ಕಟ್ಟಿತು, ಕೊಳವೆಯಲ್ಲಿ ಇಳಿಯಲಿಲ್ಲ, ಪಿಸ್ಟನ್ ಒಣಗಿ ಹಿಡಿಯಿತು. ಹೋಗು, ಬಸ್ಸಿನವರ ಹತ್ತಿರ ಎಣ್ಣೆ ಕೇಳು."

"ಕೇಳುದಿಲ್ಲ."

"ಅಹಂಕಾರ."

"ಹೌದು."

ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಹೇಳಿದರು, ಯುದ್ಧದಲ್ಲಿ ಎಣ್ಣೆ ಬಾರದ ದಿನ ಅವರ ಮಿಸ್ತ್ರಿ ಹರಳೆಣ್ಣೆ ಹಾಕಿ ಗಾಡಿ ಓಡಿಸಿದ್ದನಂತೆ. ಅದು ಚಳಿಗೆ ಕಟ್ಟುವುದಿಲ್ಲ, ಬಿಸಿಗೆ ನೀರಾಗುವುದಿಲ್ಲ. ನಾನು ಹೋಗಿ ಉಪ್ಪಿನಂಗಡಿಯ ಗಾಣದಿಂದ ಮೂರು ಬಾಟಲಿ ತಂದೆ. ಅವರು ನಮ್ಮ ಜಗಲಿಯಲ್ಲೇ ಉಳಿದರು. ಪ್ಲಗ್ಗಿನ ತೂತದಿಂದ ಸೀಮೆಎಣ್ಣೆ ಹೊಯ್ದು ಎರಡು ದಿನ ಬಿಟ್ಟೆವು, ಗೇರಿಗೆ ಹಾಕಿ ಹಿಂದೆ ಮುಂದೆ ಅಲುಗಾಡಿಸುತ್ತಲೇ ಇದ್ದೆವು. ಮೂರನೆಯ ದಿನ ಒಳಗೆ ಏನೋ ಟಕ್ಕೆಂದು ಬಿಟ್ಟುಕೊಟ್ಟಿತು. ಸುತ್ತಿಗೆ ಕೈಗೆ ತೆಗೆದುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಇದನ್ನು ಮರೆಯಬೇಡಿ. ಸಿಲಿಂಡರ್ ಬಿಚ್ಚಿ, ಪಿಸ್ಟನ್ನಿನ ಗೀರುಗಳನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿದೆವು. ಕೊಳವೆಗಳನ್ನು ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ತೆಂಗಿನ ಜಿಡ್ಡು ಪೂರ್ತಿ ತೆಗೆದ ಮೇಲೆ ಹರಳೆಣ್ಣೆ ಹೊಯ್ದೆವು. ಈಗ ಅಂಗಡಿಯಲ್ಲಿ ಒಳ್ಳೆಯ ಎಣ್ಣೆ ಸಿಗುತ್ತದೆ, ಯಾರೂ ನನ್ನನ್ನು ನೋಡಿ ಹರಳೆಣ್ಣೆ ಹಾಕಬೇಡಿ.

ಮೂರನೆಯ ಸಂತೆ. ಅದೇ ಮಂಜು, ಅದೇ ಲಾರಿ. ಬುಟ್ಟಿ ಏರಿಸಿ ಒದ್ದೆ. ಮೂರನೆಯ ಒದೆತಕ್ಕೆ ಕೂಗಿತು. ಬಸ್ಸು ನನಗಿಂತ ಮುಂಚೆ ಹೊರಟಿತ್ತು. ಅದನ್ನು ಹಿಡಿದದ್ದು ಕುಂಬ್ರ ದಾಟಿದ ಮೇಲಿನ ಏರಿನಲ್ಲಿ. ಬಸ್ಸು ಏದುಸಿರು ಬಿಡುತ್ತಿತ್ತು, ಏಜೆಂಟ್ ಫುಟ್‌ಬೋರ್ಡಿನಲ್ಲೇ ಇದ್ದ. ದಾಟಿ ಹೋಗುವಾಗ ತಿರುಗಿ ನೋಡಬಾರದು, ಅದು ದೊಡ್ಡತನ ಎನ್ನುತ್ತಾರೆ. ನಾನು ಚೆನ್ನಾಗಿ ತಿರುಗಿ ನೋಡಿದೆ.

ಕಡಬದಲ್ಲಿ ಭಾವ ಹಿಂದಿನ ದಿನವೇ ಬಂದು ನನ್ನ ಕಲ್ಲಿನ ಮೇಲೆ ಬಾಳೆ ಎಲೆ ಹಾಸಿ ಕೂತಿದ್ದ. ಗುತ್ತಿಗೆದಾರ ಪಕ್ಕದಲ್ಲಿ ನಿಂತು ಬೀಡಿ ಸೇದುತ್ತಿದ್ದ. ನಾನು ಬೈಕನ್ನು ಕಲ್ಲಿಗೆ ತಾಗುವ ಹಾಗೆ ನಿಲ್ಲಿಸಿದೆ. ಸುಟ್ಟ ಹರಳೆಣ್ಣೆಯ ಸಿಹಿ ಹೊಗೆ ಸಂತೆಗೆಲ್ಲ ಹಬ್ಬಿತು.

"ಏನು ವಾಸನೆ ಇದು?" ಸೊಪ್ಪು ಮಾರುವ ಮುದುಕಿ ಮೂಗಿಗೆ ಸೆರಗು ಹಿಡಿದಳು. "ಗಾಡಿಗೆ ಹೊಟ್ಟೆ ಕಟ್ಟಿತ್ತಾ?"

"ಕಟ್ಟಿತ್ತು ಅಜ್ಜಿ. ಈಗ ಸಾಫ್."

ಭಾವನಿಗೆ ಹೇಳಿದೆ: "ಏಳು."

"ಯಾಕೆ ಏಳುದು? ಎರಡು ಸಂತೆ ನೀವು ಇಲ್ಲ. ಮೂರನೆಯದಕ್ಕೆ ನಾನು ಮೊದಲು ಬಂದದ್ದು."

"ಬಂದದ್ದು ನೀನು. ಮೀನು ಎಲ್ಲುಂಟು?"

ಅವನು ದಾರಿಯ ಕಡೆ ನೋಡಿದ. ಅವನ ಬುಟ್ಟಿ ಬಸ್ಸಿನ ಮೇಲಿತ್ತು, ಬಸ್ಸು ಇನ್ನೂ ಯಾವುದೋ ಏರಿನಲ್ಲಿತ್ತು. ನಾನು ಕಾಯಲಿಲ್ಲ. ಬುಟ್ಟಿ ಬಿಚ್ಚಿ ಒಂದು ಹಿಡಿ ಬಂಗುಡೆಯನ್ನು ಅವನ ಬಾಳೆ ಎಲೆಯ ಮೇಲೆಯೇ ಸುರಿದೆ. ಮೀನಿನ ನೀರು ಅವನ ಪಂಚೆಗೆ ಹಾರಿತು, ಅವನು ಎದ್ದ.

"ಇವರೇ ನೋಡಿ!" ಎಂದು ಗುತ್ತಿಗೆದಾರನಿಗೆ ದೂರಿದ.

ಗುತ್ತಿಗೆದಾರ ಬೀಡಿ ಎಸೆದು ಬಗ್ಗಿ, ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದ. ಒಳಗೆ ರಕ್ತದಷ್ಟು ಕೆಂಪು, ಹಸಿ ಮೀನಿನ ಗುರುತು. "ನಾನು ನೋಡುದು ಕಲ್ಲಿನ ಮೇಲೆ ಎಂತ ಉಂಟು ಅಂತ," ಎಂದ. "ಈಗ ಉಂಟು. ನಂಗೆ ಹತ್ತು ಕಟ್ಟಿ ಇಡು ಬ್ಯಾರಿ, ದೊಡ್ಡದು."

ಬಸ್ಸು ಬರುವಾಗ ನನ್ನ ಒಂದು ಬುಟ್ಟಿ ಮುಗಿದು ಎರಡನೆಯದಕ್ಕೆ ಕೈ ಹಾಕಿದ್ದೆ. ಏಜೆಂಟ್ ಇಳಿದು ಬಂದು ಬೈಕನ್ನು, ಕಲ್ಲನ್ನು, ಗೋಣಿಯ ಮೇಲೆ ಕೂತ ಭಾವನನ್ನು ನೋಡಿದ.

"ನಮ್ಮೊಳಗೆ ಯಾಕೆ ಬ್ಯಾರಿಗಳೇ," ಎಂದ, ಸ್ವರ ತಗ್ಗಿಸಿ. "ಮುಂದಿನ ವಾರದಿಂದ ಬುಟ್ಟಿ ಬಸ್ಸಿಗೇ ಹಾಕಿ. ನಾನು ಮಾತಾಡ್ತೇನೆ."

"ಬೇಡ. ನಿಮ್ಮ ಬಸ್ಸು ತಡವಾಗ್ತದೆ."

ಅವನ ಹಿಂದೆ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಮೀನು ಬೇಕಾದರೆ ಸಾಲಿನಲ್ಲಿ ಬನ್ನಿ ಎಂದೆ.