ರತ್ನಮ್ಮ ಕೇಳಿದ ಭಾನುವಾರ

ಕಳೆದ ತಿಂಗಳು ನನ್ನನ್ನು ದೇವಿ ಮಾಡಿದರು.

ನಗಬೇಡಿ. ನಿಜವಾಗಿಯೂ ಮಾಡಿದರು. ಶುಕ್ರವಾರ ಸಂಜೆ, ಮಾಯಸಂದ್ರದ ಹತ್ತಿರದ ಒಂದು ತೆಂಗಿನ ತೋಟದ ಗೇಟಿನಲ್ಲಿ ನಿಲ್ಲಿಸಿ, ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಇಟ್ಟು, 'ಈ ಕ್ಷಣದಿಂದ ನೀವು ದೇವಿ' ಅಂದರು. ಭಾನುವಾರ ಮಧ್ಯಾಹ್ನದ ಊಟದವರೆಗೆ. (ಆಮೇಲೆ ಚೆಕ್‌ಔಟ್.)

ಇದು ನನ್ನ ತಂಗಿಯ ಕೆಲಸ. ನನಗೆ ಐವತ್ತು ತುಂಬಿತು ಅಂತ ಸೀರೆ ಕೊಡಿಸುವುದು ಬಿಟ್ಟು, 'ಒಳಗಿನ ದೇವಿಯ ಜಾಗೃತಿ' ಅನ್ನುವ ಮಹಿಳೆಯರ ಶಿಬಿರಕ್ಕೆ ಹೆಸರು ಬರೆಸಿದ್ದಳು. ನಾನು ತಿಪಟೂರಿನ ಹೈಸ್ಕೂಲ್ ಟೀಚರ್. ನನ್ನೊಳಗೆ ಏನಾದರೂ ಜಾಗೃತವಾಗಿದ್ದರೆ ಅದು ಬೆನ್ನುನೋವು ಮಾತ್ರ. ಆದರೂ ಹೋದೆ. ಎರಡು ದಿನ ಯಾರೋ ಅಡುಗೆ ಮಾಡಿ ಹಾಕುತ್ತಾರೆ ಅಂದರೆ ಯಾವ ಹೆಂಗಸು ಬೇಡ ಅಂತಾಳೆ?

ಆ 'ಯಾರೋ' ಯಾರು ಅಂತ ಆಗ ಯೋಚಿಸಿರಲಿಲ್ಲ.

ಜಾಗ ಚೆನ್ನಾಗಿತ್ತು. ಹಿಂದೆ ತೆಂಗಿನಕಾಯಿ ಪೇರಿಸುತ್ತಿದ್ದ ದೊಡ್ಡ ಶೆಡ್ಡಿಗೆ ಸುಣ್ಣ ಹೊಡೆದು, ಚಾಪೆ ಹಾಸಿ, ಧ್ಯಾನದ ಹಾಲ್ ಮಾಡಿದ್ದರು. ಬಂದವರೆಲ್ಲ ಬೆಂಗಳೂರಿನ ಹೆಂಗಸರು. ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಒಬ್ಬರು ಬಟ್ಟೆ ಡಿಸೈನರು. ಬಸ್ಸಿನಲ್ಲಿ ಬಂದ ದೇವಿ ನಾನೊಬ್ಬಳೇ.

ಶಿಬಿರ ನಡೆಸುವವರನ್ನು 'ಮಾ' ಅನ್ನಬೇಕು. ನನಗಿಂತ ಹತ್ತು ವರ್ಷ ಚಿಕ್ಕವರು. ಮಾತು ಮಾತ್ರ ಜೇನು. 'ಇಲ್ಲಿ ದೊಡ್ಡವರಿಲ್ಲ, ಚಿಕ್ಕವರಿಲ್ಲ. ಎಲ್ಲ ಹೆಣ್ಣುಗಳೊಳಗೂ ಒಬ್ಬಳೇ ದೇವಿ. ಅವಳಿಗೆ ಬಾಗಿಲು ತೆಗೆಯಿರಿ' ಅಂತ ಮೈಕಿನಲ್ಲಿ ಹೇಳಿದರು. ಕೇಳಿ ನನ್ನ ಕಣ್ಣೂ ಒದ್ದೆಯಾಯಿತು. ಸುಳ್ಳು ಯಾಕೆ ಹೇಳಲಿ?

ಶನಿವಾರ ಬೆಳಗ್ಗೆ ನಮಗೆಲ್ಲ ಕೆಂಪು ಗಾಜಿನ ಬಳೆ ತೊಡಿಸಿದರು. ಹೆಣ್ತನದ ಸಂಕೇತವಂತೆ. ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದೆ. ಅಲ್ಲಿ ಮೂವರು ಹೆಂಗಸರು ಕೆಲಸ ಮಾಡುತ್ತಿದ್ದರು. ಮೂವರ ಕೈಯೂ ಬೋಳು. ಕಿಟಕಿಯ ಮೇಲೆ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಹಸಿರು ಬಳೆ.

'ಇದೇನ್ರೀ, ಬಳೆ ತೆಗೆದಿಟ್ಟಿದ್ದೀರಾ?' ಅಂದೆ.

'ಸದ್ದಾಯ್ತದಂತೆ ಕಣಕ್ಕ' ಅಂದಳು ಅವರಲ್ಲಿ ಹಿರಿಯಳು. 'ಒಳಗೆ ನೀವು ಕಣ್ಮುಚ್ಕಂಡಿರ್ತೀರಲ್ಲ, ತೊಂದ್ರೆ ಆಯ್ತದೆ ಅಂತ ಶಿಬಿರದ ಮ್ಯಾನೇಜರು ಹೇಳವ್ರೆ.'

ನಾನು ಸೆರಗಿನೊಳಗೆ ನನ್ನ ಕೈ ಮುಚ್ಚಿಕೊಂಡೆ.

ಹೀಗೆ ರತ್ನಮ್ಮನ ಪರಿಚಯವಾಯಿತು. ನಲವತ್ತರ ಆಸುಪಾಸು, ಪಕ್ಕದ ಹಳ್ಳಿಯವಳು. ಇದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೊಬ್ಬರಿಯ ಕರಟ ಬಿಡಿಸಿದವಳು. ತೋಟದ ಮಾಲೀಕರು ಶಿಬಿರದವರಿಗೆ ಬಾಡಿಗೆ ಕೊಟ್ಟ ಮೇಲೆ ಅಡುಗೆಗೆ ಸೇರಿಕೊಂಡಿದ್ದಳು. ಈಗ ಅದೇ ಶೆಡ್ಡಿಗೆ ಅವಳು ಕಾಲಿಡುವುದು ಕಸ ಗುಡಿಸುವಾಗ ಮಾತ್ರ.

ಮಧ್ಯಾಹ್ನ ಗುರೂಜಿ ಬಂದರು. ಹೌದು, ಮಹಿಳೆಯರ ಶಿಬಿರವೇ. ಆದರೆ ಎತ್ತರದ ಕುರ್ಚಿಯಲ್ಲಿ ಕೂರಲು ಒಬ್ಬ ಗಂಡಸು ಬೇಕಲ್ಲ? ಮಾ ಅವರೇ ಅವರ ಕಾಲಬುಡದಲ್ಲಿ ಕೂತರು. 'ಸ್ತ್ರೀ ಅಂದರೆ ಸ್ವೀಕಾರ. ಪ್ರಶ್ನೆ ಮಾಡುವುದು ಪುರುಷ ಶಕ್ತಿ, ಒಪ್ಪಿಕೊಳ್ಳುವುದು ಸ್ತ್ರೀ ಶಕ್ತಿ' ಅಂತ ಗುರೂಜಿ ವಿವರವಾಗಿ ಹೇಳಿ, ಎಳನೀರು ಕುಡಿದು, ಕಾರು ಹತ್ತಿದರು.

ಸಂಜೆ ರತ್ನಮ್ಮ ಕೇಳಿದಳು. 'ಅಷ್ಟೊತ್ತು ಮಾತಾಡುದ್ರಲ್ಲ, ಏನಂದ್ರು?'

'ಹೆಂಗಸರು ಎಲ್ಲವನ್ನೂ ಒಪ್ಪಿಕೊಳ್ಳಬೇಕಂತೆ.'

'ಅಯ್ಯೋ, ಅದನ್ನ ನಮ್ಮೂರಲ್ಲಿ ಪುಕ್ಸಟ್ಟೆ ಹೇಳ್ತಾರಲ್ಲಕ್ಕಾ!'

ಮೂವರೂ ನಕ್ಕರು. ನಾನೂ ನಕ್ಕೆ. ಆಮೇಲೆ ರತ್ನಮ್ಮ ದನಿ ತಗ್ಗಿಸಿದಳು. 'ಬೆಳಿಗ್ಗೆ ಗುಡ್ಸಕ್ಕೆ ಬಂದಾಗ ಕಂಡೆ. ಎಲ್ಲಾ ಉದ್ದಕ್ಕೆ ಮಲೀಕಂಡಿದ್ರಿ. ಅದೇನು?'

'ಅದೂ ಧ್ಯಾನವೇ. ಕಣ್ಣು ಮುಚ್ಚಿ ಸುಮ್ಮನೆ ಮಲಗಬೇಕು.'

'ಹಗಲೊತ್ನಾಗೆ? ಯಾರೂ ಏನೂ ಅನ್ನಲ್ವಾ?'

'ಇಲ್ಲ.'

ರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡಳು. 'ಒಂದ್ಸಲ ಅಲ್ಲಿ ಮಲೀಕಬೇಕು ಕಣಕ್ಕ. ಹೇಳಿ ನೋಡ್ತೀರಾ?'

ಹೇಳಿದೆ. ಮಾ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಉತ್ತರಿಸಿದರು. 'ನಿಮ್ಮ ಮನಸ್ಸು ದೊಡ್ಡದು. ಆದರೆ ಅವರ ಎನರ್ಜಿ ಬೇರೆ. ಅವರಿಗೆ ಭಜನೆ, ಹರಕೆ ಅಂತ ಅವರದೇ ದಾರಿ ಇದೆ. ಇಲ್ಲಿ ಬಂದವರು ತುಂಬ ಸುಸ್ತಾಗಿ ಬಂದಿದ್ದಾರೆ. ಅವರಿಗೆ ಇದೊಂದು ಸೇಫ್ ಸ್ಪೇಸ್.'

ಸುಸ್ತಿಗೂ ಅಂತಸ್ತು ಬೇಕೇ? ಬೆಂಗಳೂರಿನಿಂದ ಬಂದ ಸುಸ್ತಿಗೆ ಬರ್ನ್‌ಔಟ್ ಅಂತ ಹೆಸರು. ಅದಕ್ಕೆ ಶಿಬಿರ, ಚಾಪೆ, ಗಿಡಮೂಲಿಕೆ ಚಹಾ. ಅಡುಗೆಮನೆಯ ಸುಸ್ತಿಗೆ ಹೆಸರೇ ಇಲ್ಲ. ಹಾಗಂತ ಬೆಂಗಳೂರಿನವರ ನೋವು ಸುಳ್ಳು ಅನ್ನಲಾರೆ. ಶ್ರುತಿ ಅಂತ ಒಬ್ಬ ದಂತವೈದ್ಯೆ ನನ್ನ ಪಕ್ಕದ ಚಾಪೆಯವಳು. ಸ್ವಂತ ಕ್ಲಿನಿಕ್, ಸ್ವಂತ ಕಾರು. 'ಮನೆಗೆ ಹೋದರೆ ಒಂದು ಲೋಟ ಕಾಫಿ ಕೊಡುವವರಿಲ್ಲ. ಎಲ್ಲರಿಗೂ ನಾನೇ ಕೊಡಬೇಕು' ಅಂತ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅವಳಿಗೂ ರತ್ನಮ್ಮನಿಗೂ ನಡುವೆ ಇದ್ದದ್ದು ಒಂದು ಗೋಡೆ. ಆ ಗೋಡೆಯ ಎರಡೂ ಕಡೆ ಒಂದೇ ಅಳು.

ಮಾ ಒಪ್ಪಲಿಲ್ಲ ಅಂತ ರತ್ನಮ್ಮನಿಗೆ ಹೇಳುವುದು ನನಗೆ ಕಷ್ಟವಾಯಿತು. ಅವಳು ಪಾತ್ರೆ ಉಜ್ಜುತ್ತಲೇ ಕೇಳಿಸಿಕೊಂಡಳು. 'ಹೋಗ್ಲಿ ಬುಡಕ್ಕ' ಅಂದಳು. ಅಷ್ಟೇ.

ಮುಗಿಯಿತು ಅಂದುಕೊಂಡೆ.

ಭಾನುವಾರ ಬೆಳಗ್ಗೆ ಕೊನೆಯ ಸಭೆ. ಎಲ್ಲರೂ ವೃತ್ತಾಕಾರವಾಗಿ ಕೂತಿದ್ದೆವು. ಮಾ ಕಣ್ಣು ಮುಚ್ಚಿ ಓಂಕಾರ ಶುರು ಮಾಡಿದ್ದರು. ಬಾಗಿಲ ಕಡೆಯಿಂದ ಬಳೆಯ ಸದ್ದು ಬಂತು.

ರತ್ನಮ್ಮ ನಿಂತಿದ್ದಳು. ಹಿಂದೆ ಇನ್ನಿಬ್ಬರು. ತಲೆಗೆ ಸ್ನಾನ ಮಾಡಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು. ಕೈ ತುಂಬ ಹಸಿರು ಬಳೆ.

ಮಾ ಕಣ್ಣು ತೆರೆದರು. 'ಏನು? ತಿಂಡಿ ಇನ್ನೂ ಆಗಿಲ್ವಾ?'

'ಆಗೈತೆ ಮಾ. ಇಡ್ಲಿ ಮುಚ್ಚಿಟ್ಟು ಬಂದೀವಿ. ನಾವೂ ಕೂತ್ಕಂತೀವಿ.'

ಮಾ ಮುಖದ ನಗೆ ಬಿಡಲಿಲ್ಲ. 'ಈಗ ಬೇಡಮ್ಮ. ಇದು ಇವರಿಗೋಸ್ಕರ ಇರೋ ಪ್ರೋಗ್ರಾಂ.'

'ಮೊನ್ನೆ ನೀವೇ ಮೈಕ್ನಾಗೆ ಹೇಳುದ್ರಿ, ಅಡ್ಗೆಮನೆವರ್ಗೂ ಕೇಳುಸ್ತು. ಎಲ್ಲಾ ಹೆಂಗಸ್ರೊಳಗೂ ದೇವಿ ಅವಳೆ, ಬಾಗ್ಲು ತೆಗೀರಿ ಅಂತ.' ರತ್ನಮ್ಮ ಒಂದು ಹೆಜ್ಜೆ ಒಳಗಿಟ್ಟಳು. 'ಬಾಗ್ಲು ತೆಕ್ಕಂಡು ನಾವೇ ಬಂದೀವಿ.'

ಬಾಗಿಲ ಹೊರಗೆ ಮ್ಯಾನೇಜರು ಓಡಿಬಂದರು. 'ಏಯ್ ರತ್ನಮ್ಮ, ಕೆಲಸ ಬೇಕಾ ಬೇಡ್ವಾ?'

ಅವಳಿಗೆ ಕೆಲಸ ಬೇಕಿತ್ತು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೂ ಹಿಂದೆ ತಿರುಗಲಿಲ್ಲ. ನಾನು ಎದ್ದು ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಸರಸರ ಸದ್ದಾಯಿತು. ಶ್ರುತಿ ತನ್ನ ಚಾಪೆ ಎಳೆದು ಜಾಗ ಮಾಡುತ್ತಿದ್ದಳು. 'ಇಲ್ಲಿ ಬನ್ನಿ' ಅಂದಳು. ನಾನೂ ಸರಿದೆ. ನನ್ನ ಆಚೆಯವರು ಸರಿದರು. ಅವರ ಆಚೆಯವರೂ. ಒಬ್ಬರೂ ಭಾಷಣ ಮಾಡಲಿಲ್ಲ. ವೃತ್ತ ಸುಮ್ಮನೆ ದೊಡ್ಡದಾಯಿತು.

ಮೂವರೂ ಬಂದು ಕೂತರು. ಅಷ್ಟು ಅತಿಥಿಗಳ ಮುಂದೆ ಮ್ಯಾನೇಜರು ಒಳಗೆ ನುಗ್ಗುವ ಹಾಗಿರಲಿಲ್ಲ; ಅಲ್ಲೇ ನಿಂತು ನೋಡಿ, ಹೊರಟುಹೋದರು.

ಆ ದಿನದ ಪ್ರಶ್ನೆ: 'ನೀವು ಇಲ್ಲಿ ಏನನ್ನು ಬಿಟ್ಟು ಹೋಗುತ್ತೀರಿ?' ಒಬ್ಬರು ಕೋಪ ಅಂದರು. ಒಬ್ಬರು ಅತಿ ಆಸೆ ಅಂದರು. ನಾನು ಮಾರ್ಕ್ಸ್ ಕಾರ್ಡಿನ ಚಿಂತೆ ಅಂದೆ. ಸರದಿ ರತ್ನಮ್ಮನಿಗೆ ಬಂತು.

'ನಾನೇನೂ ಬುಡಲ್ಲ' ಅಂದಳು. 'ಇರೋದೇ ಅಷ್ಟು. ನಂಗೆ ಬೇಕು.'

ಮಾ ಕೇಳಲೋ ಬೇಡವೋ ಅನ್ನುವ ಹಾಗೆ ಕೇಳಿದರು. 'ಏನು ಬೇಕು?'

'ಒಂದು ಭಾನುವಾರ.'

ರತ್ನಮ್ಮ ಬೆರಳು ಮಡಚಿ ಎಣಿಸಿದಳು.

'ಸೋಮವಾರದಿಂದ ಕೂಲಿ. ಶುಕ್ರವಾರದಿಂದ ಇಲ್ಲಿ. ಇಲ್ಲಿಲ್ದಿದ್ರೆ ಮನೇಲಿ ಹಸ, ಬಟ್ಟೆ, ನೆಂಟ್ರು. ಎಲ್ಲಾರ್ಗೂ ಒಂದು ಭಾನುವಾರ ಐತೆ. ನಂದೆಲ್ಲಿ ಹೋಯ್ತು ಅಂತ.'

'ನನ್ನದೂ' ಅಂದಳು ಶ್ರುತಿ.

ಯಾರೋ ನಕ್ಕರು. ಆ ನಗು ಹರಡಿತು. ಡಿಸೈನರು, ಬ್ಯಾಂಕ್ ಮ್ಯಾನೇಜರ್ ಮೇಡಂ, ಅಡುಗೆಮನೆಯ ಇನ್ನಿಬ್ಬರು, ನಾನು, ಎಲ್ಲರೂ. ಕೆಲವರ ಕಣ್ಣಲ್ಲಿ ನೀರು. ಎರಡು ದಿನದಲ್ಲಿ ಆ ಶೆಡ್ಡಿನಲ್ಲಿ ಆದ ಮೊದಲ ನಿಜವಾದ ಮಾತುಕತೆ ಅದೇ.

ಕೊನೆಗೆ ಎಲ್ಲರೂ ಮಲಗಿದೆವು. ಸ್ವಲ್ಪ ಹೊತ್ತಿಗೆ ರತ್ನಮ್ಮನ ಗೊರಕೆ ಶುರುವಾಯಿತು. ಮಾ ಅವಳನ್ನು ಎಬ್ಬಿಸಲು ಹತ್ತಿರ ಬಂದರು. ಬಾಗಿ ಅವಳ ಮುಖ ನೋಡಿದರು. ಯಾಕೋ ಎಬ್ಬಿಸಲಿಲ್ಲ. ಅವರೂ ಅಲ್ಲೇ ಪಕ್ಕದಲ್ಲಿ ಉದ್ದಕ್ಕೆ ಮಲಗಿಬಿಟ್ಟರು. ಇಡ್ಲಿಯನ್ನು ನಾವೇ ಬಡಿಸಿಕೊಂಡು ತಿಂದೆವು, ತಟ್ಟೆ ತೊಳೆದಿಟ್ಟೆವು. ರತ್ನಮ್ಮ ಎದ್ದಾಗ ಬಿಸಿಲು ಏರಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಬೆಂಗಳೂರು, ತಿಪಟೂರುಗಳಿಗೆ ಹೋಗಿ ಒಂದು ಒಳ್ಳೆಯ ನೆನಪು ಅಂತ ಇಟ್ಟುಕೊಳ್ಳುತ್ತಿದ್ದೆವು. ಕೆಲಸ ಹೋಗುವುದು ಅವಳದು ತಾನೇ? ಮರುದಿನವೇ ಮ್ಯಾನೇಜರು ಫೋನ್ ಮಾಡಿ, ಮುಂದಿನ ಶಿಬಿರಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರಂತೆ.

ನೋಡಿದರು. ಆದರೆ ಯಾರೂ ಸಿಗಲಿಲ್ಲ. ಆ ಊರಿನ ಹೆಂಗಸರು ಒಬ್ಬೊಬ್ಬರಾಗಿ 'ನಮ್ಗೆ ಪುರುಸೊತ್ತಿಲ್ಲ' ಅಂದರು. ಪಕ್ಕದ ಊರಿಗೆ ಹೋದರೆ ಸುದ್ದಿ ಅವರಿಗಿಂತ ಮುಂಚೆಯೇ ಹೋಗಿತ್ತು. ಕೊನೆಗೆ ಮಾ ಅವರೇ ರತ್ನಮ್ಮನ ಮನೆ ಬಾಗಿಲಿಗೆ ಬಂದರು.

'ಬತ್ತೀವಿ' ಅಂದಳಂತೆ ರತ್ನಮ್ಮ. 'ಬಳೆ ತೆಗಿಯಲ್ಲ. ಶನಿವಾರ ಸಂಜೆಗೆ ನಮ್ ಕೆಲ್ಸ ಮುಗೀತು. ಭಾನುವಾರದ ತಿಂಡಿ, ಊಟ ದೇವಿಯರೇ ಮಾಡ್ಕಳ್ಳಿ.'

ಮಾ ಒಪ್ಪಿದರು. ಈಗ ಆ ಶಿಬಿರದ ಜಾಹೀರಾತಿನಲ್ಲಿ ಹೊಸದೊಂದು ಸಾಲು ಸೇರಿದೆ: 'ಭಾನುವಾರ: ಅಡುಗೆಯೇ ಧ್ಯಾನ.' (ಅದಕ್ಕೆ ಶುಲ್ಕ ಏರಿಸಿದ್ದಾರೋ ಇಲ್ಲವೋ, ನಾನು ಕೇಳಲಿಲ್ಲ.)

ಮೊನ್ನೆ ಭಾನುವಾರ ಮಾಯಸಂದ್ರದ ಬಸ್ಸು ಹತ್ತಿ ರತ್ನಮ್ಮನ ಊರಿಗೆ ಹೋದೆ. ಮಧ್ಯಾಹ್ನದ ಹೊತ್ತು. ಶಾಲೆಯ ಜಗುಲಿಯಲ್ಲಿ ಸಾಲಾಗಿ ಚಾಪೆ; ರತ್ನಮ್ಮ ಶುರು ಮಾಡಿದ ಭಾನುವಾರದ ನಿದ್ದೆ. ಅಡುಗೆಯ ಮೂವರಷ್ಟೇ ಅಲ್ಲ, ಕೂಲಿಗೆ ಹೋಗುವವರು, ತೋಟ ಇರುವವರು, ಪೇಟೆಯಿಂದ ಬಂದು ಹೊಲಿಗೆ ಅಂಗಡಿ ಇಟ್ಟಿರುವ ಶಮೀಮಾ, ಎಲ್ಲರೂ ಬಂದಿದ್ದರು. ರತ್ನಮ್ಮನ ಅತ್ತೆ ಶುರುವಿನಲ್ಲಿ 'ಹಗಲೊತ್ತು ಮಲಗೋ ಹೆಂಗಸ್ರ ಮನೆ ಉದ್ಧಾರ ಆಗ್ತದಾ?' ಅಂತ ಬೈದಿದ್ದರಂತೆ. ಈಗ ತಮ್ಮ ದಿಂಬು ಹಿಡಿದುಕೊಂಡು ಎಲ್ಲರಿಗಿಂತ ಮುಂಚೆ ಬಂದು ಮೂಲೆಯ ಜಾಗ ಹಿಡಿಯುತ್ತಾರೆ.

'ರತ್ನಕ್ಕ, ಆ ಮಾ ಥರಾ ಏನಾರ ಹೇಳು' ಅಂದಳು ಒಬ್ಬಳು.

'ಮಾತು ಕೇಳಕ್ಕೆ ಯಾವಳು ಬಂದವಳೆ? ಸುಮ್ನೆ ಮಲೀಕಳ್ರೇ!'

ಮಲಗಿದೆವು. ಬೀದಿಯಲ್ಲಿ ರತ್ನಮ್ಮನ ಗಂಡ ಬಂದು ನಿಂತ. 'ಲೇ, ಟೀ ಪುಡಿ ಎಲ್ಲಿಟ್ಟಿದ್ದೀಯೇ?' ಅಂತ ಕೂಗಿದ. ಜಗುಲಿಯಿಂದ ಯಾರೂ ಉತ್ತರ ಕೊಡಲಿಲ್ಲ. ಆತ ಸ್ವಲ್ಪ ಹೊತ್ತು ಕಾದ. ತಲೆ ಕೆರೆದುಕೊಂಡ. ಆಮೇಲೆ ಮನೆಗೆ ಹೋಗಿ ತಾನೇ ಹುಡುಕಿಕೊಂಡ. (ಸಿಕ್ಕಿತಂತೆ. ಒಲೆಯ ಪಕ್ಕದಲ್ಲೇ ಇತ್ತು.)

ಯಾವ ಗುರೂಜಿಯೂ ಇಲ್ಲದೆ, ಯಾವ ಕುರ್ಚಿಯೂ ಇಲ್ಲದೆ, ಒಂದು ಊರಿನ ಹೆಂಗಸರು ತಮ್ಮ ಮಧ್ಯಾಹ್ನವನ್ನು ಗೆದ್ದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ನನಗೂ ಕಣ್ಣು ಹತ್ತಿತು.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಭಾನುವಾರ ಯಾರ ಪಾಲಿಗಿದೆ?